ಹಳದಿ ನೊಣಗಳು ಹೋದ ಮನೆ

ಕೆಲಸವಿಲ್ಲದೆ ಕೂತವರನ್ನು ನೊಣ ಹೊಡೆಯುತ್ತಿದ್ದಾರೆ ಎಂದು ಆಡಿಕೊಳ್ಳುತ್ತೇವಲ್ಲ, ಇವಳದು ಅದಕ್ಕಿಂತ ಒಂದು ಕೈ ಮೇಲೆ. ಇವಳು ನೊಣ ಎಣಿಸುತ್ತಿದ್ದಳು. ಅದೂ ಸಂಬಳ ತೆಗೆದುಕೊಂಡು, ನಗರಸಭೆಯ ಆರೋಗ್ಯ ಇಲಾಖೆಯ ಗುರುತಿನ ಚೀಟಿಯನ್ನು ಕೊರಳಿಗೆ ನೇತುಹಾಕಿಕೊಂಡು, ಇಪ್ಪತ್ತಾರು ವರ್ಷಗಳಿಂದ. ನಗಬೇಡಿ. ನೀವು ನಿನ್ನೆ ಹೋಟೆಲಿನಲ್ಲಿ ಉಂಡು ಇವತ್ತು ನೆಟ್ಟಗೆ ಓಡಾಡುತ್ತಿದ್ದರೆ ಅದರಲ್ಲಿ ಇಂಥವರ ಪಾಲೂ ಒಂದಿಷ್ಟು ಇದೆ.

ಎಣಿಸುವುದಕ್ಕೆ ಅವಳ ಬಳಿ ಮೊಳ ಅಗಲದ ಒಂದು ಮರದ ಚೌಕಟ್ಟಿತ್ತು. ಬೆರಳಗಲ ಸಂದು ಬಿಟ್ಟು ಅದಕ್ಕೆ ಸಾಲಾಗಿ ಪಟ್ಟಿ ಹೊಡೆದಿದ್ದರು. ನೊಣ ಮುತ್ತಿದ ಜಾಗದ ಮೇಲೆ ಇಟ್ಟರೆ ಮೊದಲು ಎಲ್ಲ ಗುಂಯ್ಯೆಂದು ಎದ್ದುಹೋಗುತ್ತವೆ. ಆಮೇಲೆ ಒಂದೊಂದೇ ಬಂದು ಪಟ್ಟಿಗಳ ಅಂಚಿನ ಮೇಲೆ ಕೂರುತ್ತವೆ, ನೊಣಕ್ಕೆ ಅಂಚೆಂದರೆ ಪ್ರಾಣ. ಅರ್ಧ ನಿಮಿಷದಲ್ಲಿ ಎಷ್ಟು ಕೂತವೋ ಅಷ್ಟನ್ನು ಬರೆದುಕೊಳ್ಳಬೇಕು. ಐದಾರು ಕೂತರೆ ಪರವಾಗಿಲ್ಲ. ಇಪ್ಪತ್ತು ದಾಟಿತೋ, ಅಂಗಡಿಯವನ ಮುಖ ಬಿಳಿಚಿಕೊಳ್ಳುತ್ತಿತ್ತು.

ಎಣಿಸಿ ಸುಮ್ಮನೆ ಹೋಗುವ ಜಾಯಮಾನವೂ ಅವಳದಲ್ಲ. ನಿಂತು ಪಾಠ ಹೇಳುತ್ತಿದ್ದಳು. ನೊಣಕ್ಕೆ ಹಲ್ಲಿಲ್ಲ, ಅಗಿಯಲು ಬಾರದು. ಮೊದಲು ತಿಂಡಿಯ ಮೇಲೆ ಉಗುಳುತ್ತದೆ, ಅದು ಕರಗಿ ನೀರಾದ ಮೇಲೆ ಹೀರುತ್ತದೆ, ಹೀರಿದ್ದರಲ್ಲಿ ಸ್ವಲ್ಪ ಅಲ್ಲೇ ಕಕ್ಕುತ್ತದೆ. ಆರು ಕಾಲಿನ ತುಂಬ ಕೂದಲು, ಆ ಕೂದಲಿಗೆಲ್ಲ ಹಿಂದಿನ ಸಲ ಕೂತ ಜಾಗದ ಹೊಲಸು. ಮೊಟ್ಟೆಯಿಟ್ಟರೆ ಒಂದು ಸಲಕ್ಕೆ ನೂರಕ್ಕೂ ಹೆಚ್ಚು, ಬೇಸಿಗೆಯಲ್ಲಿ ಒಂದು ದಿನ ಸಾಕು ಹುಳುವಾಗಲು, ಹತ್ತು ದಿನ ಸಾಕು ರೆಕ್ಕೆ ಬರಲು. ಇಷ್ಟು ಕೇಳಿದ ಮೇಲೆ ಅಂಗಡಿಯವನಿರಲಿ, ಗಿರಾಕಿಗೂ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಊರು ಅವಳಿಗೆ ನೊಣದ ಮೇಡಂ ಎಂದು ಹೆಸರಿಟ್ಟಿದ್ದು ಸುಮ್ಮನಲ್ಲ.

ಊರಿಗೆ ಮೇಡಂ ಆದವಳು ಒಂದು ಮನೆಗೆ ಮಾತ್ರ ತಂಗಿಯಾಗಿದ್ದಳು. ಆ ಮನೆಯಲ್ಲಿ ಅವಳನ್ನು ಯಾರೂ ತಂಗಿ ಎಂದು ಕರೆಯದೆ ಏಳು ವರ್ಷವಾಗಿತ್ತು. ನಾವಾದರೂ ತಂಗಿ ಎಂದೇ ಕರೆಯೋಣ.

ಅಕ್ಕ ಅವಳಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಕೊಂಡಾಗ ತಂಗಿಗೆ ಎರಡೂವರೆ ವರ್ಷ, ಅಕ್ಕನಿಗೆ ಇನ್ನೂ ಎರಡು ಜಡೆ. ತುಟಿಯ ಮೇಲೆ ಹಾಲಿನ ಕಲೆ ಇಟ್ಟುಕೊಂಡು ಮಧ್ಯಾಹ್ನ ಮಲಗುವ ತಂಗಿಯ ಮುಖಕ್ಕೆ ನೊಣ ಮುತ್ತದಂತೆ ಅಕ್ಕ ಹಳೆಯ ನೋಟ್‌ಬುಕ್ಕಿನ ರಟ್ಟು ಬೀಸುತ್ತ ಕೂರುತ್ತಿದ್ದಳು. ಒಂದು ಕೈಯಲ್ಲಿ ರಟ್ಟು, ಇನ್ನೊಂದು ಕೈಯಲ್ಲಿ ಶಾಲೆಯ ಪುಸ್ತಕ. ಪುಸ್ತಕ ಆ ವರ್ಷವೇ ಕೈಬಿಟ್ಟುಹೋಯಿತು, ರಟ್ಟು ಉಳಿಯಿತು. ತಂಗಿ ಓದಿದಳು, ಪರೀಕ್ಷೆ ಬರೆದು ಕೆಲಸ ಹಿಡಿದಳು. ಅಕ್ಕ ಮದುವೆಯಾಗಿ, ಗಂಡನ ಗಡಿಯಾರ ರಿಪೇರಿಯಿಂದ ಸಂಸಾರ ತೂಗುವುದಿಲ್ಲವೆಂದು, ಮನೆಯ ಮುಂದಿನ ಕೋಣೆಯಲ್ಲೇ ಊಟದ ಮನೆ ಶುರು ಮಾಡಿದಳು. ನಾಲ್ಕು ಉದ್ದ ಬೆಂಚು, ಇಪ್ಪತ್ತು ತಟ್ಟೆ, ಒಲೆಯ ಮುಂದೆ ಅಕ್ಕ ಒಬ್ಬಳೇ. ಕೈ ರುಚಿ ಹಾಗಿತ್ತು, ಒಮ್ಮೆ ಬಂದವರು ಮತ್ತೆ ಬೇರೆ ಕಡೆ ಹೋಗುತ್ತಿರಲಿಲ್ಲ.

ತಂಗಿಯ ಬೆಳಗಿನ ಸುತ್ತಾಟ ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಅಷ್ಟು ಹೊತ್ತಿಗೆ ಊಟದ ಮನೆಯ ಮೂಲೆ ಬೆಂಚಿನ ಮೇಲೆ ಒಂದು ತಟ್ಟೆ ಬಡಿಸಿಟ್ಟು, ಅದರ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿರುತ್ತಿತ್ತು. ಅದು ತಂಗಿಯದು ಎಂದು ಅಲ್ಲಿ ಉಣ್ಣುವ ಎಲ್ಲರಿಗೂ ಗೊತ್ತು. "ಮೇಡಂ ಉಣ್ಣೋ ಜಾಗ ಅಂದ್ರೆ ಕೇಳ್ಬೇಕಾ, ನೊಣ ಕೂಡ ಕೈ ತೊಳ್ಕೊಂಡು ಬರುತ್ತೆ" ಎಂದು ಪಕ್ಕದ ಟೈಲರು ತಮಾಷೆ ಮಾಡುತ್ತಿದ್ದ. ಅಕ್ಕ ನಗುತ್ತಿದ್ದಳು. ಅವಳಿಗೆ ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಏಳು ವರ್ಷದ ಹಿಂದೆ, ಬೇಸಿಗೆಯ ಕೊನೆಯಲ್ಲಿ, ಅಕ್ಕನ ಬಳಿ ಉಣ್ಣುತ್ತಿದ್ದ ಹದಿನಾಲ್ಕು ಜನ ಒಂದೇ ವಾರದಲ್ಲಿ ಟೈಫಾಯಿಡ್ ಹಿಡಿದು ಮಲಗಿದರು. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಸಂಚಕಾರ ಬರಲಿಲ್ಲ. ಆದರೆ ಇಲಾಖೆ ಸುಮ್ಮನಿರುತ್ತದೆಯೇ? ತಂಗಿಯ ಮೇಲಧಿಕಾರಿ, ಎಲ್ಲರೂ ದೊಡ್ಡ ಡಾಕ್ಟರು ಎಂದು ಕರೆಯುವವರು, ಒಳ್ಳೆಯ ಮನುಷ್ಯರು. ನಿಮ್ಮ ಅಕ್ಕನ ಮನೆ, ತಪಾಸಣೆಗೆ ಬೇರೆಯವರನ್ನು ಕಳಿಸುತ್ತೇನೆ ಎಂದರು. ತಂಗಿ ಒಪ್ಪಲಿಲ್ಲ. ಅಕ್ಕ ಎಂದು ಬಿಟ್ಟುಬಿಟ್ಟಳು ಎಂದು ನಾಳೆ ಯಾರೂ ಬೆರಳು ತೋರಿಸಬಾರದು, ನಾನೇ ಹೋಗುತ್ತೇನೆ ಎಂದು ಹಟ ಹಿಡಿದಳು. ನೋಡಿ, ತಪ್ಪು ಶುರುವಾಗಿದ್ದೇ ಇಲ್ಲಿ.

ಹೋದಳು. ಮುಖ ಗಂಟು ಹಾಕಿಕೊಂಡು, ಪರಿಚಯವೇ ಇಲ್ಲದವಳ ಹಾಗೆ ಹೋದಳು. ಅಡುಗೆಕಟ್ಟೆಯ ಮೇಲೆ, ಪಾತ್ರೆ ತೊಳೆಯುವ ಜಾಗದಲ್ಲಿ, ಹಿತ್ತಲಿನ ಮುಸುರೆ ಬಕೆಟ್ಟಿನ ಪಕ್ಕ ಚೌಕಟ್ಟಿಟ್ಟು ಎಣಿಸಿದಳು. ಮೂವತ್ತೊಂದು, ಮೂವತ್ನಾಲ್ಕು, ಇಪ್ಪತ್ತೊಂಬತ್ತು. ಆವತ್ತು ಮೂರು ಗಂಟೆಗೆ ಮೂಲೆಯ ಬೆಂಚಿನ ಮೇಲೆ ತಟ್ಟೆ ಎಂದಿನಂತೆ ಮುಚ್ಚಿಟ್ಟಿತ್ತು. ತಪಾಸಣೆಗೆ ಹೋದಲ್ಲಿ ನೀರು ಕೂಡ ಕುಡಿಯಬಾರದೆಂಬುದು ಇಲಾಖೆಯ ನಿಯಮ, ಆದ್ದರಿಂದ ಅವಳು ಅದನ್ನು ಮುಟ್ಟಲಿಲ್ಲ. ಆಫೀಸಿಗೆ ಬಂದು ವರದಿಯಲ್ಲಿ ನೊಣ ಹುಟ್ಟುವ ಸ್ಥಳ ಎಂಬಲ್ಲಿ "ಇದೇ ಅಡುಗೆಮನೆಯ ಹಿತ್ತಲು" ಎಂದು ಬರೆದು ಸಹಿ ಹಾಕಿದಳು. ಮಾರನೆಯ ದಿನ ಊಟದ ಮನೆಗೆ ಬೀಗ ಬಿತ್ತು.

ಒಂದು ತಿಂಗಳಿಗೆ ಬೀಗ ತೆಗೆದರು. ಬೆಂಚುಗಳು ಖಾಲಿಯೇ ಉಳಿದವು. ಅಕ್ಕ ಎರಡು ವಾರ ಅಡುಗೆ ಮಾಡಿ ಚೆಲ್ಲಿ, ಮೂರನೆಯ ವಾರ ಬೆಂಚುಗಳನ್ನು ಯಾರಿಗೋ ಕೊಟ್ಟುಬಿಟ್ಟಳು. ತಂಗಿ ಮಾತಾಡಿಸಲು ಹೋದರೆ ಅಕ್ಕ ಒಳಗಿನಿಂದ ಚಿಲಕ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಬೈಯಲೂ ಇಲ್ಲ.

ಅಂದಿನಿಂದ ತಂಗಿ ಮಧ್ಯಾಹ್ನ ಮೂರು ಗಂಟೆಗೆ ಆಫೀಸಿನ ಮೇಜಿನ ಮೇಲೆ ತನ್ನ ಡಬ್ಬಿ ಬಿಚ್ಚುತ್ತಿದ್ದಳು. ಮದುವೆ ಆಗದ ಹೆಂಗಸು, ಒಬ್ಬಳಿಗೆ ಎಂದು ಏನು ಬೇಯಿಸಿಕೊಳ್ಳುತ್ತಾಳೆ? ನಾಲ್ಕು ತುತ್ತು ತಿಂದು ಮುಚ್ಚಿಡುತ್ತಿದ್ದಳು. ಅಕ್ಕನ ಬೀದಿ ಅವಳ ದಾರಿಯಲ್ಲಿರಲಿಲ್ಲ, ಆದರೂ ದಾರಿ ಮಾಡಿಕೊಂಡು ಆ ಬೀದಿಯಲ್ಲೇ ಹೋಗುತ್ತಿದ್ದಳು. ಎದುರು ಸಾಲಿನ ಅಂಗಡಿಯ ನೆರಳಲ್ಲಿ ಏನೋ ಬರೆದುಕೊಳ್ಳುವವಳಂತೆ ನಿಂತು, ಅಕ್ಕ ಮಹಡಿಯ ಮೇಲೆ ಬಟ್ಟೆ ಒಣಹಾಕುವುದನ್ನು ನೋಡುತ್ತಿದ್ದಳು. ಒಂದು ಸಲ ಅಕ್ಕ ಕುಂಟುತ್ತಿದ್ದಳು. ಏನಾಯಿತು ಎಂದು ಕೇಳುವುದು ಯಾರನ್ನು? ಮುಖ್ಯ ರಸ್ತೆಯಲ್ಲಿ ಭಾವನ ಗಡಿಯಾರದ ಅಂಗಡಿ ಇತ್ತು. ಕೆಟ್ಟಿಲ್ಲದ ಗಡಿಯಾರ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಭಾವ ಮೆತ್ತಗಿನ ಮನುಷ್ಯ. ಗಡಿಯಾರ ಬಿಚ್ಚುವ ಶಾಸ್ತ್ರ ಮಾಡಿ, ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆಯೇ, "ಚೆನ್ನಾಗಿದಾಳೆ. ಮಂಡಿ ನೋವು, ಅಷ್ಟೇ" ಎನ್ನುತ್ತಿದ್ದ. ಅಷ್ಟು ಸುದ್ದಿ ಅವಳಿಗೆ ಹದಿನೈದು ದಿನಕ್ಕೆ ಸಾಕಾಗುತ್ತಿತ್ತು. ಸಾಕಾಗಬೇಕಿತ್ತು.

ಅವಳಿಗೆ ಬೇಕಿದ್ದುದು ದೊಡ್ಡದೇನಲ್ಲ. ಅಕ್ಕ ಒಂದು ಸಲ ಬಾಗಿಲು ತೆಗೆದು "ಒಳಗೆ ಬಾ" ಅನ್ನಬೇಕು. ಎರಡೇ ಮಾತು. ಅದನ್ನು ಕೇಳದೆ ನಿವೃತ್ತಿಯಾಗಿ, ಅದನ್ನು ಕೇಳದೆ ಮುದುಕಿಯಾಗಿಬಿಡುತ್ತೇನೇನೋ ಎಂದು ಅವಳಿಗೆ ದಿಗಿಲಾಗುತ್ತಿತ್ತು.

ಈ ವರ್ಷ ಊರಿನಲ್ಲಿ ಮತ್ತೆ ನೊಣ ಹೆಚ್ಚಿತು. ಎಲ್ಲಿಂದ ಬರುತ್ತಿವೆ ಎಂದು ಪತ್ತೆ ಮಾಡಿ ಎಂದು ದೊಡ್ಡ ಡಾಕ್ಟರು ಹೇಳಿದರು. ಇದಕ್ಕೊಂದು ಹಳೆಯ ಉಪಾಯವಿದೆ. ನೊಣ ಹುಟ್ಟುವ ಜಾಗಗಳಲ್ಲಿ ಬಲೆಯ ಗೂಡಿಟ್ಟು ನೊಣ ಹಿಡಿದು, ಚೀಲದಲ್ಲಿ ಹಾಕಿ, ಒಂದು ಚಿಟಿಕೆ ಬಣ್ಣದ ಪುಡಿಯೊಂದಿಗೆ ಮೆಲ್ಲಗೆ ಅಲ್ಲಾಡಿಸುವುದು. ಪುಡಿ ಕಾಲಿನ ಕೂದಲಿಗೆ, ಕತ್ತಿನ ಸಂದಿಗೆ ಅಂಟುತ್ತದೆ. ಆಮೇಲೆ ಬಿಟ್ಟುಬಿಡುವುದು. ಮೂರು ದಿನ ಬಿಟ್ಟು, ಮನೆಮನೆಯಲ್ಲಿ ತೂಗುಹಾಕಿದ ಅಂಟುಪಟ್ಟಿಗಳಲ್ಲಿ ಯಾವ ಬಣ್ಣದವು ಸಿಕ್ಕಿವೆ ಎಂದು ನೋಡುವುದು. ಮೀನು ಮಾರುಕಟ್ಟೆಯ ನೊಣಕ್ಕೆ ಕೆಂಪು, ಹಾಲಿನವರ ದನದ ಕೊಟ್ಟಿಗೆಯದಕ್ಕೆ ನೀಲಿ, ನಗರಸಭೆಯದೇ ಆದ ಕಸದ ಯಾರ್ಡಿನದಕ್ಕೆ ಹಳದಿ. ತಂಗಿ ಮೂರೂ ಕಡೆ ನಿಂತು ತಾನೇ ಬಿಟ್ಟಳು. ಹಳದಿ ನೊಣಗಳ ಚೀಲ ಬಿಚ್ಚಿದಾಗ ಅವು ಒಂದು ಕ್ಷಣ ಅಲ್ಲೇ ಕೂತು, ಮುಂಗಾಲುಗಳನ್ನು ಉಜ್ಜಿಕೊಂಡು, ಎದ್ದು ಹೋದವು. ಗಾಳಿ ಅಕ್ಕನ ಬೀದಿಯ ಕಡೆಗಿತ್ತು. ಎಂಥ ಹೊಟ್ಟೆಕಿಚ್ಚು ನೋಡಿ, ಅವಳಿಗೆ ನೊಣದ ಮೇಲೆ ಹೊಟ್ಟೆಕಿಚ್ಚಾಯಿತು. ಕರೆಯಬೇಕಿಲ್ಲ, ಬಾಗಿಲು ತಟ್ಟಬೇಕಿಲ್ಲ, ನೇರವಾಗಿ ಅಡುಗೆಮನೆಗೇ ಹೋಗಬಹುದು.

ಅಕ್ಕನ ಮನೆಗೆ ಅಂಟುಪಟ್ಟಿಯನ್ನು ಭಾವನ ಕೈಯಲ್ಲಿ ಕಳಿಸಿದಳು. ಆಫೀಸಿನವರು ಎಲ್ಲರಿಗೂ ಕೊಟ್ಟರು ಎಂದು ಹೇಳಿ ಎಂದಳು. ನಾಲ್ಕನೆಯ ದಿನ ಭಾವ ಅದನ್ನು ಕಾಗದದ ಡಬ್ಬದಲ್ಲಿಟ್ಟು ಅಂಗಡಿಗೆ ತಂದ. ಅವಳಿಗೆ ಆಫೀಸಿನ ತನಕ ಹೋಗುವಷ್ಟು ತಾಳ್ಮೆ ಇರಲಿಲ್ಲ. ಭಾವನ ಮಸೂರವನ್ನೇ ಕಣ್ಣಿಗೆ ಸಿಕ್ಕಿಸಿಕೊಂಡು, ಬಿಚ್ಚಿಟ್ಟ ಗಡಿಯಾರಗಳ ನಡುವೆ ಪಟ್ಟಿ ಹರಡಿ ನೋಡಿದಳು. ನಲವತ್ತಾರು ನೊಣ, ಅರ್ಧಕ್ಕಿಂತ ಹೆಚ್ಚಿನವಕ್ಕೆ ಬಣ್ಣವೇ ಇಲ್ಲ. ಕೆಂಪು ಇಲ್ಲ, ನೀಲಿ ಒಂದು. ಹಳದಿ ಹತ್ತೊಂಬತ್ತು.

ಭಾವ ಏನು ಎಂದು ಕೇಳಿದ. ಅವಳು ಎದ್ದು ನೇರ ಆಫೀಸಿನ ಹಳೆಯ ಕಡತಗಳ ಕೋಣೆಗೆ ಹೋದಳು. ಏಳು ವರ್ಷದ ಹಿಂದಿನ ತನ್ನ ವರದಿ ತೆಗೆದಳು. ಅದರಲ್ಲಿ "ಹುಳು ಅಥವಾ ಕೋಶ ಸಿಕ್ಕಿತೇ?" ಎಂಬ ಒಂದು ಸಾಲಿದೆ. ಎದುರಿಗೆ ತನ್ನದೇ ಕೈಬರಹದಲ್ಲಿ ಒಂದು ಗೆರೆ. ಸಿಕ್ಕಿಲ್ಲ ಎಂದಲ್ಲ, ಹುಡುಕಿಲ್ಲ ಎಂದು. ನೊಣ ಒಂದು ಜಾಗದಲ್ಲಿ ಕೂತ ಮಾತ್ರಕ್ಕೆ ಅಲ್ಲೇ ಹುಟ್ಟಿತು ಎಂದು ಹೇಳಲಾಗದು, ಮಣ್ಣು ಕೆದಕಿ ಬಿಳಿ ಹುಳುವನ್ನೋ ರೆಕ್ಕೆ ಬರುವ ಮುಂಚೆ ಅದು ಅಡಗುವ ಕಂದು ಕೋಶವನ್ನೋ ಕಣ್ಣಾರೆ ನೋಡಬೇಕು. ಹೊಸಬರಿಗೆ ಅವಳು ಕಲಿಸುವ ಮೊದಲ ಪಾಠವೇ ಅದು. ಯಾರದೋ ಮನೆಯಾಗಿದ್ದರೆ ಮಂಡಿಯೂರಿ ಹಿತ್ತಲೆಲ್ಲ ಕೆದಕುತ್ತಿದ್ದಳು. ಅಕ್ಕನ ಮನೆಯೆಂದು, ಪಕ್ಷಪಾತ ಅನ್ನಿಸಿಕೊಳ್ಳಬಾರದೆಂದು, ಹುಡುಕದೆಯೇ ಕೆಟ್ಟದ್ದನ್ನು ಬರೆದು ಕೈತೊಳೆದುಕೊಂಡಿದ್ದಳು. ಅದೇ ಕಪಾಟಿನಲ್ಲಿ ಕಸದ ಯಾರ್ಡಿನ ಆ ತಿಂಗಳ ಕಡತವೂ ಇತ್ತು. ಕಸ ಮಗುಚುವ ಯಂತ್ರ ಕೆಟ್ಟು ಐದು ವಾರ ನಿಂತಿತ್ತಂತೆ. ರಾಶಿ ಮಗುಚಿದರೆ ಒಳಗಿನ ಕಾವಿಗೆ ಹುಳು ಬೆಂದುಹೋಗುತ್ತವೆ, ಮಗುಚದಿದ್ದರೆ ಹುಳುವಿಗೆ ಹಬ್ಬ. ಕಕ್ಕಸು ಗುಂಡಿ ಬಳಿಯುವ ಟ್ಯಾಂಕರುಗಳೂ ಆಗ ಅಲ್ಲೇ ಸುರಿಯುತ್ತಿದ್ದವು. ಟೈಫಾಯಿಡ್ ಎಲ್ಲಿಂದ ಎದ್ದು ಅಕ್ಕನ ಸೌಟಿನ ಮೇಲೆ ಬಂದು ಕೂತಿತ್ತು ಎಂಬುದಕ್ಕೆ ಇನ್ನು ಯಾರನ್ನೂ ಕೇಳಬೇಕಿರಲಿಲ್ಲ. ಅವಳು ಕಡತಗಳ ನಡುವೆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ದೊಡ್ಡ ಡಾಕ್ಟರು ಮೊದಲು ತಲೆ ಕೆರೆದುಕೊಂಡರು. ಮುಗಿದುಹೋದ ವಿಷಯ, ಯಾರೂ ಕೇಳುತ್ತಿಲ್ಲ, ಈಗ ತಿದ್ದಿದರೆ ನಮ್ಮ ಯಾರ್ಡಿನ ಮರ್ಯಾದೆಯೇ ಬೀದಿಗೆ ಬೀಳುತ್ತದೆ ಎಂದರು. ತಂಗಿ ಕದಲಲಿಲ್ಲ. ನಿಂತೇ ಇದ್ದಳು. ಕೊನೆಗೆ ಅವರು ಕನ್ನಡಕ ಹಾಕಿಕೊಂಡು ಅವಳು ಬರೆದ ತಿದ್ದುಪಡಿಯನ್ನು ಎರಡು ಸಲ ಓದಿ, ಸಹಿ ಹಾಕಿ, ಮೊಹರು ಒತ್ತಿದರು.

ಮಾರನೆಯ ದಿನ ಮಧ್ಯಾಹ್ನ, ಮೂರಕ್ಕೆ ಹತ್ತು ನಿಮಿಷವಿರುವಾಗ, ಅವಳು ಅಕ್ಕನ ಬಾಗಿಲ ಮುಂದೆ ನಿಂತಿದ್ದಳು. ಬಾಗಿಲಿಗೆ ಈಗ ತಂತಿ ಬಲೆಯ ಇನ್ನೊಂದು ಬಾಗಿಲಾಗಿತ್ತು. ಬೀಗ ಬಿದ್ದ ವರ್ಷವೇ ಅಕ್ಕ ಹಾಕಿಸಿದ್ದಂತೆ. ತಟ್ಟಿದಳು. ಒಳಗಿನ ಮರದ ಬಾಗಿಲು ತೆರೆಯಿತು, ಬಲೆಯ ಬಾಗಿಲು ತೆರೆಯಲಿಲ್ಲ. ಬಲೆಯ ಆಚೆ ಅಕ್ಕ. ಎಷ್ಟು ಹತ್ತಿರ! ಕೂದಲು ಪೂರ್ತಿ ಬೆಳ್ಳಗಾಗಿತ್ತು, ಎದುರು ಸಾಲಿನಿಂದ ಅದು ಅಷ್ಟು ಕಾಣುತ್ತಿರಲಿಲ್ಲ. ತಂಗಿಗೆ ಹೇಳಬೇಕೆಂದುಕೊಂಡು ಬಂದಿದ್ದೆಲ್ಲ ಮರೆತುಹೋಯಿತು. ಕಾಗದ ತೆಗೆದು ಗಟ್ಟಿಯಾಗಿ ಓದಿದಳು. ಹುಳು ಹುಡುಕದೆ ಬರೆದದ್ದು ತನ್ನ ತಪ್ಪು, ನೊಣಗಳು ಬಂದದ್ದು ನಗರಸಭೆಯ ಯಾರ್ಡಿನಿಂದ, ಸದರಿ ಹಿತ್ತಲಿನಲ್ಲಿ ಅವು ಹುಟ್ಟಿದ್ದಕ್ಕೆ ಯಾವ ಸಾಕ್ಷಿಯೂ ಇರಲಿಲ್ಲ. ಓದುತ್ತ ಓದುತ್ತ ದನಿ ಒಡೆಯಿತು.

"ಓದಿ ಆಯ್ತಾ?" ಎಂದಳು ಅಕ್ಕ.

"ತಪ್ಪಾಯ್ತು ಅಕ್ಕ."

"ಕಾಗದದ ತಪ್ಪು ನನಗೆ ಆವತ್ತೇ ಗೊತ್ತಿತ್ತು ಕಣೆ. ನನ್ನ ಹಿತ್ತಲು ನನಗೆ ಗೊತ್ತಿಲ್ವಾ? ಬೀಗ ಹಾಕಿದ್ರು, ತೆಗೆದ್ರು. ಅದಕ್ಕೆಲ್ಲ ನಾನು ಅಳಲಿಲ್ಲ." ಅಕ್ಕ ಬಲೆಗೆ ಇನ್ನಷ್ಟು ಹತ್ತಿರ ಬಂದಳು. "ಆವತ್ತು ತಟ್ಟೆ ಮುಚ್ಚಿಟ್ಟಿದ್ದೆ. ಬೆಂಚಿನ ತುಂಬ ಜನ ಇದ್ರು, ಎಲ್ಲರೂ ನೋಡ್ತಾ ಇದ್ರು. ನೀನು ಆ ಕಡೆ ತಿರುಗಿ ಕೂಡ ನೋಡದೆ ಹೊರಟುಹೋದೆ. ಸ್ವಂತ ತಂಗಿ ಉಣ್ಣದ ಅಡುಗೆಮನೇಲಿ ಊರಿನವರು ಯಾಕೆ ಉಣ್ತಾರೆ, ಹೇಳು?"

ಏಳು ವರ್ಷ ತಂಗಿ ಆ ವರದಿಯ ಒಂದೊಂದು ಅಕ್ಷರವನ್ನೂ ನೆನೆದು ಕೊರಗಿದ್ದಳು, ತಟ್ಟೆಯನ್ನು ಒಂದು ದಿನವೂ ನೆನೆದಿರಲಿಲ್ಲ. ನಿಯಮ ಪಾಲಿಸಿದೆ ಎಂದೇ ತಿಳಿದಿದ್ದಳು. ಬೆಂಚುಗಳು ಯಾಕೆ ಖಾಲಿ ಉಳಿದವು ಎಂಬುದು ಅವಳಿಗೆ ಈಗ, ಈ ಬಿಸಿಲಿನಲ್ಲಿ, ಬಲೆಯ ಈಚೆ ನಿಂತು ಅರ್ಥವಾಯಿತು. ಬೇರೇನೂ ತೋಚದೆ, ಶಾಲೆಯಿಂದ ಬಂದ ಹುಡುಗಿಯ ಹಾಗೆ ಹೇಳಿದಳು:

"ಹಸಿವಾಗ್ತಿದೆ ಅಕ್ಕ. ಊಟ ಇದೆಯಾ?"

ಅಕ್ಕ ಅವಳನ್ನೇ ನೋಡಿದಳು. ಒಳಗೆ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಇನ್ನು ಬರುವುದಿಲ್ಲ ಎಂದು ತಂಗಿ ಅಂದುಕೊಳ್ಳುವಷ್ಟರಲ್ಲಿ ಪಾತ್ರೆ ಸದ್ದಾಯಿತು. ಬಲೆಯ ಬಾಗಿಲು ಒಂದು ತಟ್ಟೆ ತೂರುವಷ್ಟು ತೆರೆಯಿತು. ಅನ್ನ, ಬೇಳೆಸಾರು, ಮಧ್ಯಾಹ್ನ ಉಳಿದದ್ದು. ತಟ್ಟೆ ಅವಳ ಕೈಗೆ ಬಂತು, ಬಾಗಿಲು ಮತ್ತೆ ಮುಚ್ಚಿತು. ಹೊರಗಿನವರಿಗೆ ಕೊಡುವ ಹಾಗೆ ಕೊಟ್ಟಳು.

ಕೊಟ್ಟಳಲ್ಲ! ತಂಗಿ ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ, ಬೀದಿಗೆ ಮುಖ ಮಾಡಿ ಕೂತಳು. ತಿದ್ದುಪಡಿಯ ಕಾಗದವನ್ನು ಪಕ್ಕಕ್ಕಿಟ್ಟಳು. ಕೊರಳಿನ ಗುರುತಿನ ಚೀಟಿಯನ್ನು ತೆಗೆಯದೆ, ನಾಲ್ಕು ಜನಕ್ಕೆ ಕಾಣುವ ಹಾಗೆ ಎದೆಯ ಮೇಲೆ ಸರಿಮಾಡಿಕೊಂಡಳು. ಎದುರು ಅಂಗಡಿಯವನು ಕತ್ತು ಹೊರಗೆ ಹಾಕಿದ. ಟೈಲರು ಹೊಲಿಗೆ ಯಂತ್ರ ನಿಲ್ಲಿಸಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಕಾಲೂರಿ ನಿಂತೇಬಿಟ್ಟರು. ಅಂಗಡಿಯ ತಿಂಡಿಗೆ ಎಂದೂ ಬಾಯಿಡದ ನೊಣದ ಮೇಡಂ ಬೀದಿ ಬಾಗಿಲಲ್ಲಿ ಕೂತು ಉಣ್ಣುತ್ತಿದ್ದಾರೆ ಎಂದರೆ ಸಾಮಾನ್ಯವೇ? ಅವಳು ಕಲಸಿ, ದೊಡ್ಡ ದೊಡ್ಡ ತುತ್ತು ಮಾಡಿ ಉಂಡಳು. ರುಚಿ ಹಾಗೇ ಇತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಎಡಗೈಗೆ ಬಿಡುವಿರಲಿಲ್ಲ. ಯಾಕೆಂದರೆ ನೊಣಗಳು ಬಂದಿದ್ದವು. ಮೂರು ಗಂಟೆಯ ಬಿಸಿಲು, ತೆರೆದ ತಟ್ಟೆ, ಬಾರದೆ ಇರುತ್ತವೆಯೇ? ಒಂದನ್ನು ಓಡಿಸಿದರೆ ಎರಡು ತಟ್ಟೆಯ ಅಂಚಿಗೆ ಬಂದು ಕೂರುತ್ತಿದ್ದವು. ಊರಿಗೆಲ್ಲ ಪಾಠ ಹೇಳಿದವಳು ಎಡಗೈ ಬೀಸುತ್ತ, ಬಲಗೈಯಲ್ಲಿ ಉಣ್ಣುತ್ತ, ಏಳಲಿಲ್ಲ.

ಹಿಂದೆ ಬಲೆಯ ಬಾಗಿಲು ಕಿರ್ರೆಂದಿತು. ಮಂಡಿ ಹಿಡಿದುಕೊಂಡು ಅಕ್ಕ ಮೆಲ್ಲಗೆ ಪಕ್ಕದಲ್ಲಿ ಬಂದು ಕೂತಳು. ನೆಲದ ಮೇಲಿದ್ದ ಕಾಗದವನ್ನು ಎತ್ತಿಕೊಂಡು, ಸಹಿ ಮೊಹರು ಸಮೇತ ನಾಲ್ಕು ಮಡಿಕೆ ಮಡಿಚಿ, ತಂಗಿಯ ತಟ್ಟೆಯ ಮೇಲೆ ಬೀಸತೊಡಗಿದಳು. ಬೀಸುವ ಕೈ ಅದೇ, ಲಯ ಅದೇ. ತಂಗಿ ತಲೆಯೆತ್ತದೆ ಉಣ್ಣುತ್ತಲೇ ಇದ್ದಳು, ಎತ್ತಿದರೆ ಎಲ್ಲಿ ಬೀಸುವುದು ನಿಂತುಬಿಡುತ್ತದೋ ಎಂಬ ಭಯ.

ನೊಣಗಳು ಜಗ್ಗಲಿಲ್ಲ. ಅಕ್ಕ ಇನ್ನೊಂದು ಐದು ನಿಮಿಷ ಬೀಸಿ, ಸಾಕಾಗಿ, ಮಂಡಿಗೆ ಕೈಯೂರಿ ಎದ್ದಳು.

"ಎಷ್ಟು ಓಡಿಸಿದ್ರೂ ಅಷ್ಟೇ. ಇಲ್ಲಿ ನೊಣ ಜಾಸ್ತಿ" ಎಂದು ಬಲೆಯ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. "ಏಳು, ತಟ್ಟೆ ತಗೊಂಡು ಒಳಗೆ ಬಾ."